ನೊಬೆಲ್ ಬಂದವರು ಯಾರ ಯೂನಿವರ್ಸಿಟಿಯವರು? ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಸ್ವಲ್ಪ ಮಾತಾಡಿ

ಶಹಾಪುರ ಮಾಸ್ತರ್:

ಅಕ್ಟೋಬರ್ ಬಂತು ಅಂದರೆ ನಮ್ಮ ಹಳೇ ವಿದ್ಯಾರ್ಥಿಗಳ ಗುಂಪಿನಲ್ಲಿ ಅದೇ ಜಗಳ. ನೊಬೆಲ್ ಹೆಸರುಗಳು ಹೊರಬೀಳುತ್ತವೆ, ಯಾವುದೋ ದೇಶದ ಯೂನಿವರ್ಸಿಟಿ "ಇವರು ನಮ್ಮವರು" ಅಂತ ಫೋಟೋ ಹಾಕುತ್ತದೆ, ಅದನ್ನು ನೋಡಿ ಬೆಂಗಳೂರಿನಲ್ಲಿ ಓದುವ ನಮ್ಮ ಹುಡುಗರು ಶುರು ಮಾಡುತ್ತಾರೆ. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಗೆ ಸಿ.ವಿ. ರಾಮನ್ ಇದ್ದಾರೆ, ಮೈಸೂರಿಗೆ ಭಾರತರತ್ನ ಸಿ.ಎನ್.ಆರ್. ರಾವ್ ಇದ್ದಾರೆ, ನಿಮ್ಮ ಗುಲ್ಬರ್ಗಾಕ್ಕೆ ಯಾರಿದ್ದಾರೆ ಅಂತ. ನಾನು ಗುಲ್ಬರ್ಗಾದಲ್ಲೇ ಎಂ.ಎಸ್ಸಿ ಮಾಡಿದವನು, ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳುತ್ತೇನೆ. ಈ ಮಾತು ಕೇಳಿ ಬೆಳೆದ ಹುಡುಗ ತನ್ನ ಊರಿನ ಕಾಲೇಜನ್ನು ಮೊದಲೇ ಕೈಬಿಡುತ್ತಾನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ, ಉದ್ದ ಆಗುತ್ತದೆ, ಪೂರ್ತಿ ಓದಿ.

ರಾಮನ್ ವಿಷಯವೇ ಮೊದಲು ತಗೊಳ್ಳೋಣ. ಅವರು ಓದಿದ್ದು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. 1907ರಲ್ಲಿ ಎಂ.ಎ. ಮುಗಿಸಿ ಸರ್ಕಾರದ ಹಣಕಾಸು ಇಲಾಖೆಗೆ ಸೇರಿದರು. ಕಲ್ಕತ್ತಾದಲ್ಲಿ ಆಫೀಸಿಗೆ ಹೋಗುವ ಮುಂಚೆ ಮತ್ತು ಆಫೀಸ್ ಮುಗಿದ ಮೇಲೆ ಬೌಬಜಾರಿನ ಇಂಡಿಯನ್ ಅಸೋಸಿಯೇಷನ್ ಅನ್ನುವ ವಿಜ್ಞಾನ ಸಂಸ್ಥೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರು. 1917ರಲ್ಲಿ ಆ ನೌಕರಿ ಬಿಟ್ಟು ಕಲ್ಕತ್ತಾ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು. ರಾಮನ್ ಪರಿಣಾಮ ಕಂಡದ್ದು 1928ರ ಫೆಬ್ರುವರಿ 28, ಅದೇ ಬೌಬಜಾರ್ ಲ್ಯಾಬಿನಲ್ಲಿ, ಜೊತೆಗೆ ಕೆ.ಎಸ್. ಕೃಷ್ಣನ್ ಇದ್ದರು. ನೊಬೆಲ್ ಬಂದದ್ದು 1930. ಬೆಂಗಳೂರಿಗೆ ಬಂದದ್ದು 1933. ಅಂದರೆ ಪ್ರಶಸ್ತಿಗೆ ಮೂರು ವರ್ಷ ಆದ ಮೇಲೆ. ಬೆಂಗಳೂರಿನಲ್ಲಿ ಅವರು ಎಷ್ಟೋ ಜನರನ್ನು ತಯಾರು ಮಾಡಿದರು, ಅದು ದೊಡ್ಡ ಕೆಲಸ, ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ನೊಬೆಲ್ ತಂದ ಕೆಲಸ ಕಲ್ಕತ್ತಾದ್ದು.

ರಾವ್ ಅವರದ್ದೂ ಹಾಗೇ. 1951ರಲ್ಲಿ ಬಿ.ಎಸ್ಸಿ, ಪದವಿ ಕೊಟ್ಟದ್ದು ಮೈಸೂರು ವಿಶ್ವವಿದ್ಯಾಲಯ, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಆಗ ಬೆಂಗಳೂರು ವಿಶ್ವವಿದ್ಯಾಲಯ ಇರಲಿಲ್ಲ, ಅದು ಹುಟ್ಟಿದ್ದೇ 1964ರಲ್ಲಿ. ಎಂ.ಎಸ್ಸಿ ಬನಾರಸ್, ಪಿಎಚ್.ಡಿ ಅಮೆರಿಕದ ಪರ್ಡ್ಯೂ, ಆಮೇಲೆ ಕಾನ್ಪುರ ಐಐಟಿ, ಆಮೇಲೆ ಐಐಎಸ್‌ಸಿ. ಒಬ್ಬರ ಮೇಲೆ ಇಷ್ಟು ಜನ ಹಕ್ಕು ಹೇಳಬಹುದು.

ಇನ್ನು ವೈದ್ಯಕೀಯ ನೊಬೆಲ್ ಪಡೆದ ಹರಗೋಬಿಂದ್ ಖೊರಾನಾ. ಬಿ.ಎಸ್ಸಿ, ಎಂ.ಎಸ್ಸಿ ಲಾಹೋರ್. ಪಿಎಚ್.ಡಿ 1948ರಲ್ಲಿ ಲಿವರ್‌ಪೂಲ್. ಭಾರತಕ್ಕೆ ವಾಪಸ್ ಬಂದರೆ ಕೆಲಸ ಸಿಗಲಿಲ್ಲ! ಮತ್ತೆ ಕೇಂಬ್ರಿಡ್ಜ್, 1952ರಲ್ಲಿ ಕೆನಡಾದ ವ್ಯಾಂಕೂವರ್, 1960ರಲ್ಲಿ ವಿಸ್ಕಾನ್ಸಿನ್. ಅಲ್ಲಿದ್ದಾಗ 1968ರಲ್ಲಿ ನೊಬೆಲ್. 1970ರಲ್ಲಿ ಎಂಐಟಿ. ಈಗ ಇಷ್ಟೂ ಕಡೆ ಅವರ ಹೆಸರಿದೆ. ಅವರಿಗೆ ಕೆಲಸ ಕೊಡದ ನಾವೂ ಹೆಮ್ಮೆಯಿಂದ ಭಾರತೀಯ ಅಂತ ಬರೆಯುತ್ತೇವೆ.

ಶಾಂಘೈ ರ‍್ಯಾಂಕಿಂಗ್ ಅಂತ ಯೂನಿವರ್ಸಿಟಿಗಳ ಒಂದು ಪಟ್ಟಿ ಇದೆ, 2003ರಿಂದ ಬರುತ್ತಿದೆ. ಅದರಲ್ಲಿ 100ಕ್ಕೆ 10 ಅಂಕ ಹಳೇ ವಿದ್ಯಾರ್ಥಿಗಳಿಗೆ ನೊಬೆಲ್ ಅಥವಾ ಗಣಿತದ ಫೀಲ್ಡ್ಸ್ ಪದಕ ಬಂದಿದ್ದರೆ, 20 ಅಂಕ ಅಲ್ಲಿ ಕೆಲಸ ಮಾಡುವವರಿಗೆ ಬಂದಿದ್ದರೆ. ಕೆಲಸ ಮಾಡುವವರು ಅಂದರೆ ಪ್ರಶಸ್ತಿ ಬಂದ ಹೊತ್ತಿಗೆ ಅಲ್ಲಿದ್ದವರು. ಸಂಶೋಧನೆ ಎಲ್ಲಿ ನಡೆಯಿತು ಅಂತ ಅವರು ನೋಡುವುದಿಲ್ಲ. ಇನ್ನು ಕೆಲವು ಯೂನಿವರ್ಸಿಟಿಗಳು ತಮ್ಮ ಪಟ್ಟಿಯಲ್ಲಿ ಸ್ವಲ್ಪ ದಿನ ಬಂದು ಪಾಠ ಮಾಡಿ ಹೋದವರನ್ನೂ ಸೇರಿಸಿಕೊಳ್ಳುತ್ತವೆ. ಕೇಂಬ್ರಿಡ್ಜ್‌ಗೆ 120ಕ್ಕೂ ಜಾಸ್ತಿ ಅಂತ ಓದಿದಾಗ ಅದರಲ್ಲಿ ಯಾರು ಯಾರು ಸೇರಿದ್ದಾರೆ ಅಂತ ಕೇಳಿ.

ನಿಮ್ಮ ಅಭಿಪ್ರಾಯ ಹೇಳಿ. ಒಂದು ಯೂನಿವರ್ಸಿಟಿ "ಇವರು ನಮ್ಮವರು" ಅನ್ನಬೇಕಾದರೆ ಏನು ಮಾಡಿರಬೇಕು?

ಬೀದರ್ ಕೋಟೆ:

ಮಾಸ್ತರ್, ನಮಸ್ಕಾರ. ಎಲ್ಲ ಸರಿ, ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ. ನಮ್ಮ ಹತ್ತಿರ ಒಂದೂ ಇಲ್ಲದಾಗ ಪಟ್ಟಿಯೇ ಸುಳ್ಳು ಅನ್ನೋದು ಸುಲಭ. ಹೆಮ್ಮೆ ಬೇಕು ರೀ. ಹೆಮ್ಮೆ ಇದ್ದರೆ ತಾನೇ ಮಕ್ಕಳು ಆ ಕಡೆ ನೋಡೋದು? ಕಲ್ಕತ್ತಾದ ಹುಡುಗ ರಾಮನ್ ಕೂತ ಜಾಗ ನೋಡಿ ಬೆಳೆಯುತ್ತಾನೆ. ನಮ್ಮ ಹುಡುಗ ಏನು ನೋಡಿ ಬೆಳೆಯಬೇಕು?

ನನ್ನ ಉತ್ತರ ಪಶುವೈದ್ಯಕೀಯ. ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಇರೋದು ನಮ್ಮ ಬೀದರಿನಲ್ಲಿ. ಇಡೀ ರಾಜ್ಯದ ಪಶುವೈದ್ಯ ಕಾಲೇಜುಗಳು ಅದರ ಕೆಳಗೆ. ಬೆಂಗಳೂರಿನವರಿಗೆ ಎಷ್ಟು ಜನಕ್ಕೆ ಇದು ಗೊತ್ತು? ದನದ ಡಾಕ್ಟರ್ ಅಂತ ಸಸಾರ ಮಾಡುತ್ತಾರಲ್ಲ, ಅವರಿಗೆ ಪೀಟರ್ ಡೊಹರ್ಟಿ ಹೆಸರು ಹೇಳಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟಿಯಲ್ಲಿ ಪಶುವೈದ್ಯ ಓದಿದವರು. 1996ರಲ್ಲಿ ವೈದ್ಯಕೀಯ ನೊಬೆಲ್, ರಾಲ್ಫ್ ಜಿಂಕರ್‌ನಾಗೆಲ್ ಜೊತೆ. ನಮ್ಮ ಮೈಯಲ್ಲಿ ವೈರಸ್ ಹೊಕ್ಕ ಜೀವಕೋಶವನ್ನು ರೋಗನಿರೋಧಕ ಕಣಗಳು ಹೇಗೆ ಗುರುತು ಹಿಡಿಯುತ್ತವೆ ಅನ್ನೋದನ್ನು ಇಲಿಗಳ ಮೇಲೆ ಕೆಲಸ ಮಾಡಿ ತೋರಿಸಿದರು. ಪಶುವೈದ್ಯ ಓದಿ ನೊಬೆಲ್ ಪಡೆದ ಮೊದಲನೆಯವರು ಅವರೇ.

ಅವರ ವಿಷಯದಲ್ಲೂ ನಿಮ್ಮ ಮಾತೇ ಬರುತ್ತದೆ ನೋಡಿ. ಪದವಿ ಕ್ವೀನ್ಸ್‌ಲ್ಯಾಂಡ್, ಪಿಎಚ್.ಡಿ ಎಡಿನ್‌ಬರೋ, ಕೆಲಸ ನಡೆದದ್ದು 1970ರ ದಶಕದಲ್ಲಿ ಕ್ಯಾನ್‌ಬೆರಾದಲ್ಲಿ, ಪ್ರಶಸ್ತಿ ಬಂದಾಗ ಅಮೆರಿಕದ ಮೆಂಫಿಸ್‌ನ ಮಕ್ಕಳ ಆಸ್ಪತ್ರೆಯಲ್ಲಿದ್ದರು. ನನ್ನ ಪ್ರಕಾರ ಮೊದಲ ಹಕ್ಕು ಕ್ಯಾನ್‌ಬೆರಾಕ್ಕೆ. ಕೆಲಸ ಎಲ್ಲಿ ಆಯಿತೋ ಅಲ್ಲಿಗೆ.

ಇನ್ನೊಂದು. ನೊಬೆಲ್‌ನಲ್ಲಿ ಪಶುವೈದ್ಯಕ್ಕೆ, ಕೃಷಿಗೆ, ಗಣಿತಕ್ಕೆ ಬಹುಮಾನವೇ ಇಲ್ಲ. ನಮ್ಮ ದೇವಣಿ ದನದ ತಳಿ ಉಳಿಸೋಕೆ, ಕುರಿ ಮೇಕೆ ರೋಗಕ್ಕೆ ಜೀವನ ಪೂರ್ತಿ ದುಡಿದವರನ್ನು ಯಾವ ಪಟ್ಟಿ ಎಣಿಸುತ್ತದೆ?

ಉಸ್ಮಾನಿಯಾ ಹಳಬ:

ಬೀದರಿನ ತಮ್ಮಾ, ಕೆಲಸ ಎಲ್ಲಿ ಆಯಿತೋ ಅಲ್ಲಿಗೆ ಹಕ್ಕು ಅಂದೆಯಲ್ಲ, ಹಾಗಾದರೆ ಒಂದು ನೊಬೆಲ್ ನಮ್ಮ ಹಳೇ ಸಂಸ್ಥಾನದ ನೆಲಕ್ಕೇ ಸೇರಬೇಕು. ಈಗಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ.

ರೊನಾಲ್ಡ್ ರಾಸ್. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಅಂತ ತೋರಿಸಿದವರು. 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಅವರು ಕಂಡದ್ದು ಸಿಕಂದರಾಬಾದಿನಲ್ಲಿ, ಬೇಗಂಪೇಟೆಯ ಆಸ್ಪತ್ರೆಯಲ್ಲಿ. ಆಗ ಅದೂ ನಿಜಾಮರ ಸೀಮೆ, ನಮ್ಮ ಗುಲ್ಬರ್ಗಾ ಬೀದರೂ ನಿಜಾಮರ ಸೀಮೆ. 1902ರಲ್ಲಿ ನೊಬೆಲ್ ಬಂತು. ಅಷ್ಟು ಹೊತ್ತಿಗೆ ಅವರು ಇಂಗ್ಲೆಂಡಿಗೆ ಹೋಗಿ ಲಿವರ್‌ಪೂಲ್‌ನಲ್ಲಿ ಪಾಠ ಮಾಡುತ್ತಿದ್ದರು. ಹಾಗಾಗಿ ಹೆಸರು ಲಿವರ್‌ಪೂಲಿಗೆ. ಕಲ್ಕತ್ತಾದವರೂ ಕೇಳುತ್ತಾರೆ, ಯಾಕೆಂದರೆ 1898ರಲ್ಲಿ ಹಕ್ಕಿಗಳ ಮಲೇರಿಯಾ ಮೇಲೆ ಉಳಿದ ಕೆಲಸ ಅಲ್ಲಿ ಮಾಡಿದರು. ಬೇಗಂಪೇಟೆಯ ಆ ಕಟ್ಟಡ ಈಗ ಉಸ್ಮಾನಿಯಾ ವಿಶ್ವವಿದ್ಯಾಲಯದ ಕೈಯಲ್ಲಿದೆ, ರಾಸ್ ಹೆಸರಿನ ಸಂಸ್ಥೆ ಅದು. ಆದರೆ ಉಸ್ಮಾನಿಯಾ ಶುರುವಾದದ್ದೇ 1918ರಲ್ಲಿ. ಕೆಲಸ ಆದಾಗ ಆ ವಿಶ್ವವಿದ್ಯಾಲಯ ಇರಲೇ ಇಲ್ಲ.

ಇಷ್ಟೆಲ್ಲ ಹಕ್ಕಿನ ಮಾತಿನಲ್ಲಿ ಒಬ್ಬನ ಹೆಸರು ಬರುವುದಿಲ್ಲ. ಹುಸೇನ್ ಖಾನ್. ಮೈಯಲ್ಲಿ ಮಲೇರಿಯಾ ಇದ್ದ ರೋಗಿ. ರಾಸ್ ಬೆಳೆಸಿದ ಸೊಳ್ಳೆಗಳಿಂದ ಅವನು ಕಚ್ಚಿಸಿಕೊಂಡ, ಒಂದು ಸೊಳ್ಳೆಗೆ ಒಂದು ಆಣೆ ಲೆಕ್ಕ. ಆ ರಕ್ತ ಕುಡಿದ ಸೊಳ್ಳೆಯನ್ನೇ ರಾಸ್ ಕೊಯ್ದು ನೋಡಿದ್ದು. ಯಾವ ಯೂನಿವರ್ಸಿಟಿಯೂ ಹುಸೇನ್ ಖಾನ್ ನಮ್ಮವನು ಅನ್ನಲಿಲ್ಲ. ನನಗೆ ಇದು ಬಹಳ ನೋವಿನ ಸಂಗತಿ. ರಾಸ್ ಅವರೇ ಅವನ ಹೆಸರು ಬರೆದಿಟ್ಟರು, ಅದಕ್ಕೆ ನಮಗೆ ಗೊತ್ತಾಯಿತು.

ಸೇಡಂ ಕಲ್ಲು:

ಕಾಕಾ ಹೇಳಿದ್ದು ಓದಿ ನಮ್ಮ ಮನೆಯ ಸರ್ಟಿಫಿಕೇಟ್‌ಗಳು ನೆನಪಾದವು. ಅಜ್ಜನ ಪದವಿ ಉಸ್ಮಾನಿಯಾದ್ದು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋದವು, ಅಪ್ಪನದು ಅಲ್ಲಿಯದು. 1970ರಲ್ಲಿ ಧಾರವಾಡದವರ ಸ್ನಾತಕೋತ್ತರ ಕೇಂದ್ರ ಗುಲ್ಬರ್ಗಾದಲ್ಲಿ ಶುರುವಾಯಿತು, 1980ರಲ್ಲಿ ಅದೇ ಗುಲ್ಬರ್ಗಾ ವಿಶ್ವವಿದ್ಯಾಲಯ ಆಯಿತು, ನನ್ನದು ಅದರದ್ದು. ಆಮೇಲೆ ಬಳ್ಳಾರಿ ಬೇರೆ ಆಯಿತು, ರಾಯಚೂರು ಬೇರೆ ಆಯಿತು, ಈಗ ಬೀದರಿಗೂ ಬೇರೆ ಬಂದಿದೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ. ಖಾಸಗಿಯವು ಬೇರೆ.

ನಾಳೆ ಬೀದರಿನ ಯಾವುದೋ ಹುಡುಗಿಗೆ ದೊಡ್ಡ ಪ್ರಶಸ್ತಿ ಬಂತು ಅಂತ ಇಟ್ಟುಕೊಳ್ಳಿ. ಪದವಿ ಗುಲ್ಬರ್ಗಾದ್ದು, ಓದಿದ ಕಾಲೇಜು ಈಗ ಬೀದರ್ ವಿಶ್ವವಿದ್ಯಾಲಯದ್ದು. ಯಾರ ಹೆಮ್ಮೆ? ಇದು ನಮ್ಮ ಕಡೆ ಮಾತ್ರ ಅಲ್ಲ. ಬರ್ಲಿನ್‌ನಲ್ಲಿ ಇದೇ ಆಗಿದೆ. ಹಳೇ ಯೂನಿವರ್ಸಿಟಿ ಯುದ್ಧದ ನಂತರ ಪೂರ್ವ ಬರ್ಲಿನ್ ಪಾಲಾಯಿತು, ಅದೇ ಈಗಿನ ಹಂಬೋಲ್ಟ್. 1948ರಲ್ಲಿ ಪಶ್ಚಿಮದ ಕಡೆ ಫ್ರೀ ಯೂನಿವರ್ಸಿಟಿ ಹುಟ್ಟಿತು. ಐನ್‌ಸ್ಟೈನ್ ಕಾಲದ ನೊಬೆಲ್‌ಗಳು ಯಾರ ಲೆಕ್ಕಕ್ಕೆ ಅಂತ ಶಾಂಘೈ ಪಟ್ಟಿ ಬಂದ ಮೇಲೆ ಜಗಳ. ಪಂಜಾಬಿನಲ್ಲೂ ಅಷ್ಟೇ, ದೇಶ ಒಡೆದಾಗ ಲಾಹೋರಿನ ಯೂನಿವರ್ಸಿಟಿ ಆ ಕಡೆ ಉಳಿಯಿತು, ಈ ಕಡೆ ಇನ್ನೊಂದು ಹುಟ್ಟಿ ಚಂಡೀಗಢಕ್ಕೆ ಬಂತು. ಖೊರಾನಾ ಹೆಸರು ಎರಡೂ ಹೇಳುತ್ತವೆ.

ನನ್ನ ವಾದ ಏನೆಂದರೆ, ಮಾಸ್ತರ್, ನಾವು ಹೊಸಬರು. 1980 ಅಂದರೆ ನಿನ್ನೆ ಮೊನ್ನೆ. ಐಐಎಸ್‌ಸಿ 1909ರದ್ದು, ಮದ್ರಾಸ್ ಕಲ್ಕತ್ತಾ 1857ರವು. ವಯಸ್ಸು ನೋಡದೆ ಸೊನ್ನೆ ಸೊನ್ನೆ ಅನ್ನುವವರಿಗೆ ಇದನ್ನು ಮೊದಲು ಹೇಳಬೇಕು.

ಹುಮನಾಬಾದ್ ಹುಡುಗಿ:

ಅಣ್ಣಾ, ಕಾಕಾ, ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ ಎರಡನೇ ವರ್ಷ. ಇದುವರೆಗೆ ಬಂದ ಹೆಸರೆಲ್ಲ ಗಂಡಸರದ್ದೇ, ಅದಕ್ಕೆ ಎರಡು ಹೆಸರು ನಾನು ಸೇರಿಸುತ್ತೇನೆ.

ಕಮಲಾ ಸೊಹೋನಿ. ಬಾಂಬೆಯಲ್ಲಿ ಬಿ.ಎಸ್ಸಿ ಮುಗಿಸಿ 1933ರಲ್ಲಿ ಐಐಎಸ್‌ಸಿಗೆ ಅರ್ಜಿ ಹಾಕಿದರು. ಹೆಣ್ಣು ಅನ್ನುವ ಕಾರಣಕ್ಕೆ ಆಗ ಅಲ್ಲಿ ನಿರ್ದೇಶಕರಾಗಿದ್ದ ರಾಮನ್ ಸೇರಿಸಿಕೊಳ್ಳಲಿಲ್ಲ. ಅವರು ಬಿಡಲಿಲ್ಲ, ಬೆಂಗಳೂರಿಗೇ ಬಂದು ಕೇಳಿದರು. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಅವರು ಕೇಂಬ್ರಿಡ್ಜ್‌ಗೆ ಹೋಗಿ 1939ರಲ್ಲಿ ಪಿಎಚ್.ಡಿ ಪಡೆದರು. ಇನ್ನೊಬ್ಬರು ಅನ್ನಾ ಮಣಿ. ರಾಮನ್ ಲ್ಯಾಬಿನಲ್ಲೇ ವಜ್ರ, ಮಾಣಿಕ್ಯಗಳ ಬೆಳಕಿನ ಮೇಲೆ ಕೆಲಸ ಮಾಡಿ 1945ರಲ್ಲಿ ಪ್ರಬಂಧ ಕೊಟ್ಟರು. ಎಂ.ಎಸ್ಸಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ ಕೊಡಲಿಲ್ಲ. ಆಮೇಲೆ ಹವಾಮಾನ ಇಲಾಖೆಯಲ್ಲಿ ಅವರು ದೇಶಕ್ಕೇ ಬೇಕಾದ ಅಳತೆ ಉಪಕರಣಗಳನ್ನು ಮಾಡಿಸಿದರು. ಈಗ ಎಲ್ಲರೂ ಅವರ ಫೋಟೋ ಹಾಕುತ್ತಾರೆ. ಬಾಗಿಲು ಹಾಕಿದ್ದವರೂ ಹಾಕುತ್ತಾರೆ. ನಮ್ಮವರು ಅನ್ನೋಕೆ ಮುಂಚೆ ಅವರನ್ನು ಹೇಗೆ ನಡೆಸಿಕೊಂಡೆವು ಅಂತಾನೂ ಬರೆಯಬೇಕು ಅಲ್ವಾ?

ನನ್ನ ವಿಷಯ ಬೇರೆ. ಮದುವೆ, ತೊಟ್ಟಿಲು, ಎಲ್ಲಿ ಹೋದರೂ ಒಂದೇ ಪ್ರಶ್ನೆ. "ಬಿ.ಎಸ್ಸಿನಾ? ಯಾಕೆ, ನೀಟ್ ಆಗಲಿಲ್ವಾ?" ನಾನು ಜೀವಶಾಸ್ತ್ರ ಇಷ್ಟಪಟ್ಟು ತಗೊಂಡವಳು. ಅದನ್ನು ಯಾರೂ ನಂಬೋದಿಲ್ಲ. ಅವ್ವ ಕೂಡ ಇನ್ನೊಂದು ಸಲ ನೀಟ್ ಬರೆ ಅಂತಾಳೆ.

ಶಹಾಪುರ ಮಾಸ್ತರ್:

ತಂಗಿ, ನೀನು ಕೊನೆಗೆ ಬರೆದ ನಾಲ್ಕು ಸಾಲಿಗೋಸ್ಕರವೇ ನಾನು ಈ ಚರ್ಚೆ ಶುರು ಮಾಡಿದ್ದು ಅಂದುಕೋ.

ವೆಂಕಿ ರಾಮಕೃಷ್ಣನ್ ಗೊತ್ತಲ್ಲ, 2009ರ ಕೆಮಿಸ್ಟ್ರಿ ನೊಬೆಲ್. ಅವರಿಗೆ ಐಐಟಿ ಸೀಟು ಸಿಗಲಿಲ್ಲ. ವೆಲ್ಲೂರಿನ ಮೆಡಿಕಲ್ ಕಾಲೇಜಿನಲ್ಲೂ ಆಗಲಿಲ್ಲ. ಬರೋಡಾದಲ್ಲಿ ಮೆಡಿಕಲ್ ಸೀಟು ಸಿಕ್ಕಿತು, ಅದನ್ನು ಬಿಟ್ಟು ತಮ್ಮ ಊರಿನ ಬರೋಡಾ ವಿಶ್ವವಿದ್ಯಾಲಯದಲ್ಲೇ ಫಿಸಿಕ್ಸ್ ಬಿ.ಎಸ್ಸಿ ಮಾಡಿದರು, 1971ರಲ್ಲಿ ಮುಗಿಯಿತು. ರಾಷ್ಟ್ರೀಯ ವಿಜ್ಞಾನ ಪ್ರತಿಭೆ ವಿದ್ಯಾರ್ಥಿವೇತನ ಇತ್ತು. ಅಪ್ಪ ಅಮ್ಮ ಇಬ್ಬರೂ ವಿಜ್ಞಾನಿಗಳು, ಅದೂ ಒಂದು ಅನುಕೂಲ, ಮುಚ್ಚಿಡಬಾರದು. ಆದರೆ ಆ ಡಿಪಾರ್ಟ್‌ಮೆಂಟಿನವರು ಆಗ ತಾನೇ ಸಿಲೆಬಸ್ ಬದಲಾಯಿಸಿ, ಅಮೆರಿಕದಲ್ಲಿ ಹೊಸದಾಗಿ ಬಂದಿದ್ದ ಪುಸ್ತಕಗಳನ್ನು ಹಿಡಿದು ಪಾಠ ಶುರು ಮಾಡಿದ್ದರು. ರಾಜ್ಯದ ಒಂದು ಯೂನಿವರ್ಸಿಟಿಯ ಬಿ.ಎಸ್ಸಿ ಕ್ಲಾಸು ಅಷ್ಟು ಗಟ್ಟಿ ಇತ್ತು. ಆ ಮಾಸ್ತರರ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಮುಂದಿನದ್ದೂ ಕೇಳು. ಒಹಾಯೋದಲ್ಲಿ 1976ಕ್ಕೆ ಫಿಸಿಕ್ಸ್ ಪಿಎಚ್.ಡಿ ಆಯಿತು. ಮನಸ್ಸು ಜೀವಶಾಸ್ತ್ರದ ಕಡೆ ಇತ್ತು. ಸ್ಯಾನ್ ಡಿಯಾಗೋಗೆ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಯೇಲ್‌ನಲ್ಲಿ ರೈಬೋಸೋಮ್, ಅಂದರೆ ಜೀವಕೋಶದೊಳಗೆ ಪ್ರೋಟೀನ್ ತಯಾರಿಸುವ ಕಣ, ಅದರ ಮೇಲೆ ಕೆಲಸ ಹಿಡಿದರು. ಆಮೇಲೆ ಎಷ್ಟೋ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕಿದರೂ ಮೇಷ್ಟ್ರ ಕೆಲಸ ಸಿಗಲಿಲ್ಲ. ಕೊನೆಗೆ 1999ರಲ್ಲಿ ಕೇಂಬ್ರಿಡ್ಜ್‌ನ ಆಣ್ವಿಕ ಜೀವಶಾಸ್ತ್ರ ಪ್ರಯೋಗಾಲಯ. ನೊಬೆಲ್ ಬಂದ ವಾರವೇ ನಮ್ಮ ದೇಶದಿಂದ ಅವರ ಇಮೇಲ್ ತುಂಬಿಹೋಯಿತು. ಹುಟ್ಟಿದ ಊರು ಚಿದಂಬರಂ, ಮೂರು ವರ್ಷದ ಮಗು ಇದ್ದಾಗಲೇ ಬಿಟ್ಟವರು. ಆದರೂ ಅಲ್ಲಿ ನಾನೇ ಅವರಿಗೆ ಕಾಲೇಜು ಪಾಠ ಹೇಳಿದ್ದೆ ಅಂತ ಒಬ್ಬರು ಹೇಳಿಕೊಂಡರು. ನಾನು ಅಲ್ಲಿ ಓದಿಯೇ ಇಲ್ಲ ಅಂತ ಅವರೇ ಹೇಳಬೇಕಾಯಿತು.

ಶಾಂಘೈ ಪಟ್ಟಿಯಲ್ಲಿ ಹಳೇ ವಿದ್ಯಾರ್ಥಿ ಅಂದರೆ ಬಿ.ಎಸ್ಸಿ ಪಡೆದವರೂ ಸೇರುತ್ತಾರೆ. ಪಿಎಚ್.ಡಿ ಆಗಿರಲೇಬೇಕು ಅಂತಿಲ್ಲ. ಹಾಗಾಗಿ ನನ್ನ ಉತ್ತರ ಇದು. ನಮ್ಮ ಕಡೆಯ ಯೂನಿವರ್ಸಿಟಿಗೆ ಯಾವತ್ತಾದರೂ ಹೆಸರು ಬಂದರೆ ಬರುವ ದಾರಿ ಬಿ.ಎಸ್ಸಿ ಕ್ಲಾಸು. ಕೋಟಿಗಟ್ಟಲೆ ಬೆಲೆಯ ಮಷೀನು ಬೇಕಾದ ಸಂಶೋಧನೆ ಆಮೇಲಿನ ಮಾತು. ಆದರೆ ನಾವು ಮನೆಯಲ್ಲಿ ಏನು ಮಾಡುತ್ತಿದ್ದೇವೆ? ಪಿಯುನಲ್ಲಿ ಬುದ್ಧಿವಂತ ಹುಡುಗ ಕಂಡರೆ ನೀಟ್ ಕೋಚಿಂಗು, ಜೆಇಇ ಕೋಚಿಂಗು. ಅಲ್ಲಿ ಆಗದವರನ್ನು ಬಿ.ಎಸ್ಸಿಗೆ ಕಳಿಸುತ್ತೇವೆ, ಕಳಿಸುವಾಗಲೇ ಮುಖ ಸಣ್ಣ ಮಾಡುತ್ತೇವೆ. ಬೀಜಕ್ಕೆ ಜೊಳ್ಳು ಆರಿಸಿಟ್ಟು ತೊಗರಿ ಇಳುವರಿ ಬರಲಿಲ್ಲ ಅಂದ ಹಾಗೆ ಆಯಿತು.

ಬೀದರ್ ಕೋಟೆ:

ಮಾಸ್ತರ್, ತಪ್ಪು ಮನೆಯವರ ಮೇಲೆ ಪೂರ್ತಿ ಹಾಕಬೇಡಿ. ಬಿ.ಎಸ್ಸಿ ಮಾಡಿದರೆ ಮುಂದೆ ಊಟಕ್ಕೆ ಏನು ಅಂತ ಅಪ್ಪ ಅಮ್ಮ ಕೇಳೋದು ನ್ಯಾಯವೇ. ನಾನು ಓದಿದ ಕಾಲೇಜಿನಲ್ಲಿ ವರ್ಷ ಪೂರ್ತಿ ಅತಿಥಿ ಉಪನ್ಯಾಸಕರೇ ಪಾಠ ಮಾಡಿದರು, ಪಾಪ, ಚೆನ್ನಾಗೇ ಮಾಡಿದರು, ಆದರೆ ನಡುವೆ ನಡುವೆ ಅವರೇ ಇರುತ್ತಿರಲಿಲ್ಲ. ಪ್ರಾಕ್ಟಿಕಲ್ ಅಂದರೆ ಪರೀಕ್ಷೆಗೆ ಮುಂಚೆ ಒಂದು ವಾರ. ಉಪಕರಣ ಬೀರುವಿನಲ್ಲಿ, ಬೀಗದ ಕೈ ಇನ್ಯಾರ ಹತ್ತಿರವೋ. ಹೀಗಿದ್ದರೆ ಬುದ್ಧಿವಂತ ಮಕ್ಕಳನ್ನು ಯಾವ ಧೈರ್ಯದ ಮೇಲೆ ಕಳಿಸಬೇಕು? ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಸೀಟು, ನೌಕರಿಯಲ್ಲಿ ಮೀಸಲಾತಿ ಸಿಕ್ಕಿದೆ, ಅದು ದೊಡ್ಡದು, ನನ್ನ ತಮ್ಮನಿಗೇ ಸಿಕ್ಕಿದೆ. ಆದರೆ ಸೀಟು ಸಿಕ್ಕ ಮೇಲೆ ಪಾಠ ಸಿಗಬೇಕಲ್ಲ.

ಸೇಡಂ ಕಲ್ಲು:

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಮ್ಮ ಶಾಸಕರು, ಯೂನಿವರ್ಸಿಟಿ ಸಿಂಡಿಕೇಟ್ ಸದಸ್ಯರು ಯಾರೇ ಇರಲಿ, ಹೊಸ ಕಟ್ಟಡ ಕೇಳುವುದಕ್ಕಿಂತ ಮೊದಲು ಲ್ಯಾಬ್ ಸಹಾಯಕರ ಹುದ್ದೆ ತುಂಬಿ ಅಂತ ನಾವು ಕೇಳಬೇಕು. ಹಳೇ ವಿದ್ಯಾರ್ಥಿಗಳ ಸಂಘ ಅಂತ ಎಲ್ಲ ಕಡೆ ಇದೆ. ವರ್ಷಕ್ಕೊಮ್ಮೆ ಶಾಲು ಹೊದಿಸಿ ಊಟ ಮಾಡಿ ಬರುತ್ತೇವೆ. ಆ ದುಡ್ಡಿನಲ್ಲಿ ಎರಡು ಒಳ್ಳೆ ಮೈಕ್ರೋಸ್ಕೋಪ್ ಬರುತ್ತಿತ್ತು.

ಮತ್ತೆ ಹೆಮ್ಮೆಯ ಮಾತನ್ನು ನಾನು ಬಿಡುವುದಿಲ್ಲ. ನನಗೆ ಗುಲ್ಬರ್ಗಾ ಹೆಸರಿನ ಮೇಲೆ ಪ್ರೀತಿ ಇದೆ. ನಮ್ಮ ತಾಂಡಾದಿಂದ, ನಮ್ಮ ಹಳ್ಳಿಯಿಂದ ಮೊದಲ ಸಲ ಡಿಗ್ರಿ ಮುಟ್ಟಿದ ಎಷ್ಟೋ ಮನೆಗಳಿಗೆ ಆ ಯೂನಿವರ್ಸಿಟಿಯೇ ಬಾಗಿಲು. ಧಾರವಾಡಕ್ಕೋ ಹೈದರಾಬಾದಿಗೋ ಕಳಿಸುವ ಶಕ್ತಿ ಇಲ್ಲದವರ ಮಕ್ಕಳು ಓದಿದರು. ಬೆಂಗಳೂರಿನ ಹುಡುಗರು ಕೇಳಿದಾಗ ನಾನು ಇದನ್ನು ಹೇಳುತ್ತೇನೆ.

ಉಸ್ಮಾನಿಯಾ ಹಳಬ:

ಹೇಳಬೇಕು ತಮ್ಮಾ, ಎದೆ ತಟ್ಟಿ ಹೇಳಬೇಕು. ನಮ್ಮ ಕಾಲದಲ್ಲಿ ಹೈದರಾಬಾದಿಗೆ ಹೋದವರು ಊರಿಗೆ ಒಬ್ಬರೋ ಇಬ್ಬರೋ.

ಹುಮನಾಬಾದ್ ಹುಡುಗಿ:

ಮಾಸ್ತರ್, ಒಂದು ಕೇಳಲಾ? ಈಗ ನಾನು ಏನು ಮಾಡಬೇಕು? ನಮ್ಮ ಕಾಲೇಜಿನ ಲ್ಯಾಬ್ ಸುಧಾರಿಸುವ ಹೊತ್ತಿಗೆ ನನ್ನ ಮೂರನೇ ವರ್ಷ ಮುಗಿದಿರುತ್ತದೆ.

ಶಹಾಪುರ ಮಾಸ್ತರ್:

ತಂಗಿ, ಕಾಯಬೇಡ. ದೇಶದಲ್ಲಿ ಮೂರು ವಿಜ್ಞಾನ ಅಕಾಡೆಮಿಗಳಿವೆ, ಬೆಂಗಳೂರು, ದೆಹಲಿ, ಪ್ರಯಾಗರಾಜ್. ಮೂರೂ ಸೇರಿ ಬೇಸಿಗೆಯಲ್ಲಿ ಎರಡು ತಿಂಗಳ ಫೆಲೋಶಿಪ್ ಕೊಡುತ್ತವೆ. ಒಬ್ಬ ವಿಜ್ಞಾನಿಯ ಲ್ಯಾಬಿನಲ್ಲಿ ಕೂತು ಕೆಲಸ ಮಾಡಬಹುದು, ಖರ್ಚಿಗೆ ಹಣವೂ ಇರುತ್ತದೆ. ಅರ್ಜಿ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ ಕರೆಯುತ್ತಾರೆ, ಅಂದರೆ ನಾವು ಇಲ್ಲಿ ನೊಬೆಲ್ ಜಗಳ ಆಡುವ ಹೊತ್ತಿಗೇ. ನೀನು ಯಾಕೆ ಆ ಕೆಲಸ ಮಾಡಬೇಕು ಅಂತ ಸ್ವಂತ ಮಾತಿನಲ್ಲಿ ಬರೆದು ಕೊಡಬೇಕು, ನಿನ್ನ ಪಾಠದ ಮೇಡಂ ಅಥವಾ ಸರ್ ಒಬ್ಬರ ಶಿಫಾರಸು ಪತ್ರ ಬೇಕು. ಬರೆದು ನನಗೆ ಕಳಿಸು, ನಾನು ನೋಡಿಕೊಡುತ್ತೇನೆ. ಇಂಗ್ಲಿಷ್ ಬಗ್ಗೆ ಹೆದರಬೇಡ.

ಬೀದರ್ ಕೋಟೆ ಅವರೇ, ಅದರಲ್ಲಿ ಮೇಷ್ಟ್ರುಗಳಿಗೂ ಅವಕಾಶ ಇದೆ. ನಿಮ್ಮ ಕಾಲೇಜಿನ ಆ ಅತಿಥಿ ಉಪನ್ಯಾಸಕರಲ್ಲಿ ಯಾರಾದರೂ ಈಗಲೂ ಪಾಠ ಮಾಡುತ್ತಿದ್ದರೆ ಅವರಿಗೆ ತಿಳಿಸಿ. ಸೇಡಂನವರು ಮೈಕ್ರೋಸ್ಕೋಪ್ ಮಾತು ಎತ್ತಿದ್ದಾರೆ, ಈ ಸಲದ ಸಂಘದ ಮೀಟಿಂಗಿನಲ್ಲಿ ನೀವು ಮಂಡಿಸಿ, ನಾನು ಅನುಮೋದಿಸುತ್ತೇನೆ.